ಆಮದು ಆಟಗಾರ

(ತಿಪಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಎರಡು ತೆಂಗಿನ ಮರಗಳ ನಡುವೆ ಬಲೆ ಕಟ್ಟಿದರೆ ವಾಲಿಬಾಲ್ ಅಂಕಣ ಆಯಿತು. ನೆಲ ಕೆಂಪುಮಣ್ಣಿನದೋ ಗೋಡುಮಣ್ಣಿನದೋ ಎಂದು ಯಾರೂ ಕೇಳುವುದಿಲ್ಲ. ಚೆಂಡು ನೆಲ ಮುಟ್ಟಿತೆಂದರೆ ಪಾಯಿಂಟು ಹೋಯಿತು, ಅಷ್ಟೆ. ಕಬಡ್ಡಿಗೆ ಅದೂ ಬೇಡ. ಸುಗ್ಗಿ ಮುಗಿದ ಹೊಲದಲ್ಲಿ ಒಂದು ಗೆರೆ ಎಳೆದರೆ ಸಾಕು. ಬ್ಯಾಸ್ಕೆಟ್‌ಬಾಲ್ ಮಾತ್ರ ಹೀಗೆ ಊರೊಳಗೆ ಸುಲಭವಾಗಿ ಬರುವ ಆಟವಲ್ಲ. ಆ ಚೆಂಡು ನೆಲಕ್ಕೆ ಬಡಿದು ಮತ್ತೆ ಅಂಗೈಗೆ ಮರಳಬೇಕು. ಸಗಣಿ ಸಾರಿಸಿದ ಕಣದಲ್ಲಿ ಅದು ಸತ್ತಂತೆ ಬಿದ್ದಿರುತ್ತದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ಎರಡು ತುದಿಗೂ ಕಬ್ಬಿಣದ ಕಂಬ ಬೇಕು. ಅಷ್ಟು ಸಿಮೆಂಟು ಸುರಿಯುವ ಶಕ್ತಿ ಇರುವುದು ಕಾಲೇಜಿಗೆ, ಕಾನ್ವೆಂಟಿಗೆ, ರೈಲ್ವೆ ಕಾಲೊನಿಗೆ. ತೋಟದೂರುಗಳಲ್ಲಿ ಕೈಕಾಲು ಉದ್ದವಿರುವ ಹುಡುಗರಿಗೇನೂ ಬರವಿಲ್ಲ. ಅವರು ವಾಲಿಬಾಲ್ ಬಲೆಯ ಮುಂದೆ ನಿಲ್ಲುತ್ತಾರೆ, ಇಲ್ಲವೇ ಕಬಡ್ಡಿಯಲ್ಲಿ ರೈಡ್ ಹೋಗುತ್ತಾರೆ.

ಇದು ಹೊರದೇಶದಲ್ಲಿ ಆಡಿ ದುಡಿಯುವ ಬ್ಯಾಸ್ಕೆಟ್‌ಬಾಲ್ ಆಟಗಾರರ ಬದುಕಿನ ಕುರಿತ ಉಪನ್ಯಾಸ. ಕೊಬ್ಬರಿ ಊರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದರೆ ತಪ್ಪಿಲ್ಲ. ಸಂಬಂಧ ಒಂದು ಪದದಲ್ಲಿದೆ. ಹೊರದೇಶದಿಂದ ಬಂದು ಆಡುವವನನ್ನು ಜಗತ್ತಿನ ಹಲವು ಬ್ಯಾಸ್ಕೆಟ್‌ಬಾಲ್ ಲೀಗುಗಳು ಕರೆಯುವುದು ‘ಇಂಪೋರ್ಟ್’ ಎಂದು. ಅಂದರೆ ಆಮದು. ಆಮದು ಎಂಬ ಮಾತು ಕೇಳಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬೆಳೆಗಾರನ ಹುಬ್ಬು ಗಂಟಾಗುತ್ತದೆ. ಹೊರಗಿನಿಂದ ತಾಳೆ ಎಣ್ಣೆ ಬಂದಿಳಿದಾಗ ತೆಂಗಿನ ಬೆಲೆ ಏನಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಹುಬ್ಬುಗಂಟು ಮನಿಲಾದಲ್ಲಿ, ಟೋಕಿಯೊದಲ್ಲಿ, ಸಿಡ್ನಿಯಲ್ಲಿ ಬ್ಯಾಸ್ಕೆಟ್‌ಬಾಲ್ ನಡೆಸುವವರ ಮುಖದಲ್ಲೂ ಇದೆ. ನಮ್ಮ ಕಡೆಯಿಂದ ಹೋದ ಆಟಗಾರರು ದಾಟಬೇಕಾದ ಮೊದಲ ಬೇಲಿ ಅದು.

ಮೊದಲು ಆಟದ ಹುಟ್ಟಿನ ಮಾತು, ಒಂದೇ ಉಸಿರಿನಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲೇ ಹಿಡಿದಿಡಲು ಹೊಸ ಆಟ ಕಟ್ಟಿದರು. ಪೀಚ್ ಹಣ್ಣು ತುಂಬುವ ಎರಡು ಕುಕ್ಕೆಗಳನ್ನು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಕಟಕಟೆ ಇದ್ದದ್ದು ಹತ್ತಡಿ ಎತ್ತರದಲ್ಲಿ. ಬುಟ್ಟಿ ಇವತ್ತಿಗೂ ಹತ್ತಡಿಯಲ್ಲೇ ಇದೆ. ಕುಕ್ಕೆಗೆ ತಳ ಇದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಒಬ್ಬ ಏಣಿ ಹಾಕಿ ಹತ್ತಿ ಇಳಿಸಬೇಕಿತ್ತು. ಕಾಯಿ ಕೀಳುವವರ ಊರಿನಲ್ಲಿ ಈ ಕಷ್ಟಕ್ಕೆ ಯಾರೂ ಮರುಗಲಾರರು. ಮುಂದೆ ವೈಎಂಸಿಎಗಳ ಮೂಲಕ ಆಟ ಭಾರತಕ್ಕೂ ಬಂತು. ಇಲ್ಲಿ ಅದು ಬೆಳೆದ ಬಗೆ ಮಾತ್ರ ಬೇರೆ.

ನಮ್ಮಲ್ಲಿ ಚೆನ್ನಾಗಿ ಆಡಿದವನಿಗೆ ಸಿಗುವುದು ಕೆಲಸ. ಆಟವೇ ಕೆಲಸ ಎಂಬ ಅರ್ಥದಲ್ಲಿ ಅಲ್ಲ; ಆಡಿದ್ದಕ್ಕೆ ಬಹುಮಾನವಾಗಿ ಸಿಗುವ ನೌಕರಿ. ರೈಲ್ವೆ, ಸೇನೆ, ಒಎನ್‌ಜಿಸಿ, ಪಂಜಾಬ್ ಪೊಲೀಸ್, ಬ್ಯಾಂಕುಗಳು: ಭಾರತದ ಬ್ಯಾಸ್ಕೆಟ್‌ಬಾಲ್ ಬದುಕಿರುವುದೇ ಇವುಗಳ ಕ್ರೀಡಾ ಕೋಟಾದ ನೆರಳಲ್ಲಿ. ಬೆಂಗಳೂರಿನ ಲೀಗ್ ಪಂದ್ಯಗಳನ್ನು ನೋಡಿದ ಹಳಬರಿಗೆ ವಿಜಯಾ ಬ್ಯಾಂಕ್ ತಂಡ ನೆನಪಿರುತ್ತದೆ. ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಕೌಂಟರಿನ ಹಿಂದೆ ಆರಡಿ ಮೂರಿಂಚಿನ ಗುಮಾಸ್ತರು ಕುರ್ಚಿಯಲ್ಲಿ ಕಾಲು ಮಡಿಸಲಾಗದೆ ಕೂತಿರುವುದು ಒಂದು ಕಾಲಕ್ಕೆ ಬೆಂಗಳೂರಿನ ಸಹಜ ನೋಟ. ಈ ಏರ್ಪಾಟನ್ನು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಮಂಡಿ ಕೆಟ್ಟ ಮೇಲೂ ತಿಂಗಳ ಸಂಬಳ ಬರುತ್ತದೆ, ಮಕ್ಕಳ ಮದುವೆ ಆಗುತ್ತದೆ, ಅರವತ್ತು ತುಂಬಿದಾಗ ಹಾರ ಹಾಕಿ ಕಳಿಸುತ್ತಾರೆ.

ಹೊರದೇಶದ ಕ್ಲಬ್ಬಿನಲ್ಲಿ ಇದಾವುದೂ ಇಲ್ಲ. ಅಲ್ಲಿರುವುದು ಕರಾರು, ಅದೂ ಹೆಚ್ಚಿನವರಿಗೆ ಒಂದೇ ಹಂಗಾಮಿನದು, ಸುಮಾರು ಏಳೆಂಟು ತಿಂಗಳು. ಕ್ಲಬ್ಬು ಮನೆ ಕೊಡುತ್ತದೆ, ಓಡಾಡಲು ಕಾರು ಕೊಡುವುದೂ ಉಂಟು, ಹೋಗಿಬರುವ ವಿಮಾನದ ಟಿಕೆಟು ಕೊಡುತ್ತದೆ. ಮನೆಯ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಮುಂದಿನ ವರ್ಷ ಅದು ಇನ್ಯಾರಿಗೋ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ನಿದ್ದೆ, ಸಂಜೆ ಪಂದ್ಯ ಅಥವಾ ಮತ್ತೊಂದು ಅಭ್ಯಾಸ, ರಾತ್ರಿ ಬಸ್ಸು. ಕ್ಲಬ್ಬಿಗೂ ಆಟಗಾರನಿಗೂ ನಡುವೆ ಏಜೆಂಟ್ ಇರುತ್ತಾನೆ, ಮಂಡಿಯ ದಲ್ಲಾಳಿಯಂತೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ದೇಶದ ಒಕ್ಕೂಟದಿಂದ ‘ಅಭ್ಯಂತರವಿಲ್ಲ’ ಎಂಬ ಪತ್ರ ತರಬೇಕು. ಆ ಪತ್ರವಿಲ್ಲದೆ ಅಂಕಣಕ್ಕೆ ಇಳಿಯುವಂತಿಲ್ಲ. ಸಂಬಳ ಬಾಕಿ ಉಳಿಸಿಕೊಳ್ಳುವ ಕ್ಲಬ್ಬುಗಳು ಎಷ್ಟಿವೆಯೆಂದರೆ, ಆ ವ್ಯಾಜ್ಯಗಳಿಗೆಂದೇ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ 2007ರಲ್ಲಿ ಒಂದು ಪಂಚಾಯಿತಿ ನ್ಯಾಯಮಂಡಳಿಯನ್ನೇ ಸ್ಥಾಪಿಸಬೇಕಾಯಿತು. ಮಾಲು ಕೊಟ್ಟು ಬಿಲ್ಲಿಗೆ ಕಾದವರಿಗೆ ಈ ಕಥೆ ಅರ್ಥವಾಗುತ್ತದೆ.

ಇಷ್ಟಾದರೂ ಜನ ಹೋಗುತ್ತಾರೆ. ಹೋದವರಲ್ಲಿ ಎಲ್ಲರಿಗಿಂತ ಹೆಚ್ಚು ಸುದ್ದಿಯಾದವರು ಸತ್ನಾಮ್ ಸಿಂಗ್ ಭಮರಾ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಎಂಬ ಸಣ್ಣ ಹಳ್ಳಿ. ತಂದೆ ಬಲ್ಬೀರ್ ಸಿಂಗ್ ಗೋಧಿ ಬೆಳೆಯುವ ರೈತ, ಹಿಟ್ಟಿನ ಗಿರಣಿಯೂ ಉಂಟು. ತಂದೆಯೂ ಏಳಡಿಯ ಆಳೇ. ಪ್ರಾಯದಲ್ಲಿ ಅವರಿಗೂ ಬ್ಯಾಸ್ಕೆಟ್‌ಬಾಲ್ ಆಡು ಎಂದು ಹೇಳಿದವರಿದ್ದರು; ಮನೆಯವರು ಬೇಸಾಯ ಬಿಟ್ಟು ಚೆಂಡು ಹಿಡಿಯುವುದೇನು ಎಂದು ತಡೆದರು. ಆ ಕೊರಗನ್ನು ಬಲ್ಬೀರ್ ಮಗನ ಕಾಲಕ್ಕೆ ಉಳಿಸಲಿಲ್ಲ. ಸತ್ನಾಮನನ್ನು ಲೂಧಿಯಾನದ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಗೆ ಕಳಿಸಿದರು. ಅಲ್ಲಿದ್ದ ತರಬೇತುದಾರ ಡಾ. ಎಸ್. ಸುಬ್ರಮಣಿಯನ್. ಪಂಜಾಬಿನ ಹಳ್ಳಿಹುಡುಗರ ಒಂದು ಇಡೀ ತಲೆಮಾರನ್ನು ದಕ್ಷಿಣದ ಹೆಸರಿನ ಈ ಮೇಷ್ಟರು ತಿದ್ದಿದರು. 2010ರಲ್ಲಿ ರಿಲಯನ್ಸ್ ಮತ್ತು ಐಎಂಜಿ ಸಂಸ್ಥೆಗಳ ವಿದ್ಯಾರ್ಥಿವೇತನದಲ್ಲಿ ಭಾರತದ ನಾಲ್ವರು ಹುಡುಗರು, ನಾಲ್ವರು ಹುಡುಗಿಯರು ಅಮೆರಿಕದ ಫ್ಲಾರಿಡಾದ ಬ್ರಾಡೆಂಟನ್‌ಗೆ ಹೊರಟರು. ಸತ್ನಾಮ್‌ಗೆ ಆಗ ಹದಿನಾಲ್ಕು. ಇಂಗ್ಲಿಷು ಇಲ್ಲವೆಂದೇ ಹೇಳಬೇಕು. ಊಟ ಬೇರೆ, ಮಾತು ಬೇರೆ, ಹಾಸಿಗೆ ಚಿಕ್ಕದು.

2015ರ ಜೂನ್ 25ರ ರಾತ್ರಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದ, ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯ ಆಯ್ಕೆಯಾಗಿ ಅವರ ಹೆಸರು ಕೂಗಿತು. ಭಾರತದಲ್ಲಿ ಹುಟ್ಟಿದವನೊಬ್ಬ ಎನ್‌ಬಿಎಗೆ ಆಯ್ಕೆಯಾದದ್ದು ಅದೇ ಮೊದಲು. ಡ್ರಾಫ್ಟ್ ಎಂದರೇನು ಎಂದು ಇಲ್ಲಿ ವಿವರಿಸುವುದು ಸುಲಭ. ಹೊಸ ಮಾಲು ಮಂಡಿಗೆ ಬಂದಿದೆ, ಖರೀದಿದಾರರು ಸರದಿಯಂತೆ ಬರುತ್ತಾರೆ, ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಸರದಿಯಲ್ಲಿ ಮುಂದಿನ ಜಾಗ. ಮುಂಚೆಯೇ ಅಳತೆ, ತೂಕ, ಕೈ ಚಾಚಿದರೆ ಎಷ್ಟುದ್ದ, ನಿಂತಲ್ಲಿಂದ ಎಷ್ಟು ನೆಗೆಯುತ್ತಾನೆ ಎಲ್ಲ ನೋಡಿರುತ್ತಾರೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಕೊಬ್ಬರಿ ಬಿಟ್ಟಿದೆಯೇ ಎಂದು ತಿಳಿಯುವ ವಿದ್ಯೆ ಮಾತ್ರ ಆಟಗಾರರ ವಿಷಯದಲ್ಲಿ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ಆಯ್ಕೆಯಾದ ಮಾತ್ರಕ್ಕೆ ಎನ್‌ಬಿಎ ಆಡಿದಂತಲ್ಲ. ಈ ವ್ಯತ್ಯಾಸವನ್ನು ನಮ್ಮ ಪತ್ರಿಕೆಗಳು ಆ ವಾರ ಹೇಳಲಿಲ್ಲ, ಅಥವಾ ಕೊನೆಯ ಸಾಲಿನಲ್ಲಿ ಹೇಳಿದವು. ಸತ್ನಾಮ್ ಎರಡು ಹಂಗಾಮು ಆಡಿದ್ದು ಡಲ್ಲಾಸಿನ ಕಿರಿಯ ತಂಡವಾದ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ, ಅದೂ ಹೆಚ್ಚು ಹೊತ್ತು ಬೆಂಚಿನ ಮೇಲೆ. 2015-16ರಲ್ಲಿ ಆ ಕಿರಿಯ ಲೀಗಿನಲ್ಲಿ ಹಂಗಾಮಿನ ಸಂಬಳಕ್ಕೆ ಮೂರು ದರ್ಜೆ: 25,000, 19,000 ಮತ್ತು 13,000 ಡಾಲರ್. ಕೊನೆಯ ದರ್ಜೆ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟೂವರೆ ಲಕ್ಷ ರೂಪಾಯಿ. ಅದೇ ವರ್ಷ ಎನ್‌ಬಿಎ ತಂಡದ ಹೊಸಬನಿಗೆ ಕನಿಷ್ಠ ಸಂಬಳ 5,25,093 ಡಾಲರ್, ಮೂರು ಕೋಟಿಯ ಮೇಲೆ. ಇದು ಬೆಂಬಲ ಬೆಲೆ ಇದ್ದ ಹಾಗೆ. ಆಟಗಾರರ ಸಂಘ ಕೂತು ಜಗಳ ಮಾಡಿ ಗೊತ್ತುಪಡಿಸಿಕೊಂಡದ್ದು, ಅದಕ್ಕಿಂತ ಕಡಿಮೆಗೆ ಯಾರನ್ನೂ ಕೊಳ್ಳುವ ಹಾಗಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ್ದು ಕ್ವಿಂಟಲಿಗೆ 12,100 ರೂಪಾಯಿ. ಅದರ ಕೆಳಗೆ ಮಾರಬೇಕಾದವನ ಪಾಡು, ಮೇಲೆ ಮಾರಿದವನ ಪಾಡು ಎರಡನ್ನೂ ಈ ಊರು ಕಂಡಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಎರಡರ ನಡುವಿನ ದೂರ ಕೆಲವೊಮ್ಮೆ ಒಂದೇ ಊರಿನ ಎರಡು ಕಟ್ಟಡಗಳ ನಡುವಿನ ದೂರ.

ಸತ್ನಾಮ್ ಕಥೆಯ ಉಳಿದ ಭಾಗ ಬೇಗ ಮುಗಿಯುತ್ತದೆ. ಅವರ ಮೇಲೆ ‘ಒನ್ ಇನ್ ಎ ಬಿಲಿಯನ್’ ಎಂಬ ಸಾಕ್ಷ್ಯಚಿತ್ರ ಬಂತು. ಕೆನಡಾದ ಸೇಂಟ್ ಜಾನ್ಸ್ ಎಜ್ ತಂಡದಲ್ಲಿ ಸ್ವಲ್ಪ ಕಾಲ ಆಡಿದರು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷದ ನಿಷೇಧಕ್ಕೆ ಒಳಗಾದರು. 2021ರಲ್ಲಿ ಅಮೆರಿಕದ ಆಲ್ ಎಲೀಟ್ ರೆಸ್ಲಿಂಗ್ ಸಂಸ್ಥೆ ಸೇರಿ ಪ್ರದರ್ಶನ ಕುಸ್ತಿಗೆ ಇಳಿದರು. ಏಳಡಿ ಎರಡಿಂಚಿನ ಮೈಗೆ ಬೇರೆ ಕಣವೂ ಇದೆ ಎಂಬುದು ನಿಜ. ಆದರೆ ಹದಿನಾಲ್ಕರಲ್ಲಿ ಊರು ಬಿಟ್ಟವನು ಮೂವತ್ತರ ಒಳಗೆ ಎಷ್ಟು ಸಲ ಹೊಸದಾಗಿ ಶುರು ಮಾಡಬೇಕಾಯಿತು ಎಂದು ಎಣಿಸಿ ನೋಡಬೇಕು.

ತೋಟದೂರಿನ ಹುಡುಗರಿಗೆ ಇನ್ನೂ ಹತ್ತಿರದ ಕಥೆ ಅಮೃತ್‌ಪಾಲ್ ಸಿಂಗ್ ಅವರದು. ಅಮೃತಸರದ ಬಳಿಯ ಫತ್ತೂವಾಲ್ ಹಳ್ಳಿಯ ರೈತನ ಮಗ. ಸುಮಾರು ಹತ್ತೊಂಬತ್ತು ತುಂಬುವವರೆಗೂ ಬ್ಯಾಸ್ಕೆಟ್‌ಬಾಲ್ ಚೆಂಡು ಮುಟ್ಟಿದವರಲ್ಲ. ಹೊಲದಲ್ಲಿ ಗೇಯ್ಮೆ, ಬಿಡುವಿದ್ದಾಗ ಕಬಡ್ಡಿ. ಎತ್ತರ ಏಳಡಿಗೆ ಒಂದಿಂಚು ಕಡಿಮೆ. ಬೇರೆ ಮಕ್ಕಳು ಎಂಟು ಹತ್ತನೆಯ ವಯಸ್ಸಿಗೆ ಕಲಿಯುವ ಚೆಂಡು ಬಡಿಯುವ ಪಾಠವನ್ನು ಲೂಧಿಯಾನದಲ್ಲಿ ಗಡ್ಡ ಬಂದ ಮೇಲೆ ಕಲಿತರು. ಭಾರತ ತಂಡದ ನಾಯಕರಾದರು. ಚಂಡೀಗಢದ ಅಮ್‌ಜ್ಯೋತ್ ಸಿಂಗ್ ಜೊತೆ ಜಪಾನಿಗೆ ಹೋಗಿ ಅಲ್ಲಿನ ಎರಡನೆಯ ದರ್ಜೆಯ ಲೀಗಿನಲ್ಲಿ ಟೋಕಿಯೊ ಎಕ್ಸಲೆನ್ಸ್ ತಂಡಕ್ಕೆ ಆಡಿದರು. 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಅವರನ್ನು ತೆಗೆದುಕೊಂಡಿತು. ಅದೇ ವರ್ಷ ವಾರಾಣಸಿಯ ವಿಶೇಷ್ ಭೃಗುವಂಶಿ ಅಡಿಲೇಡ್ 36ಅರ್ಸ್ ತಂಡ ಸೇರಿದರು. ಗಾಯ ಅವರನ್ನು ಆಡಲು ಬಿಡಲಿಲ್ಲ. ಅಮ್‌ಜ್ಯೋತ್ ಅದೇ ವರ್ಷ ಅಮೆರಿಕದ ಕಿರಿಯ ಲೀಗಿನ ಓಕ್ಲಹೋಮಾ ಸಿಟಿ ಬ್ಲೂ ಸೇರಿದರು. ಭಾರತದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ 2017ರಷ್ಟು ಫಸಲು ಬಂದ ವರ್ಷ ಇನ್ನೊಂದಿಲ್ಲ.

ಅಮೃತ್‌ಪಾಲ್ ಕಥೆ ಕೇಳಿ ಕಬಡ್ಡಿ ಆಡುವ ಎತ್ತರದ ಹುಡುಗರನ್ನೆಲ್ಲ ನಾಳೆಯೇ ಬ್ಯಾಸ್ಕೆಟ್‌ಬಾಲಿಗೆ ಎಳೆತರುವ ಉತ್ಸಾಹ ಬರಬಹುದು. ನಿಧಾನ. ಹತ್ತೊಂಬತ್ತರಲ್ಲಿ ಕಲಿತವನ ಕೈಗೆ ಚೆಂಡಿನ ಸಲಿಗೆ ಎಂದೂ ಪೂರ್ತಿ ಬರುವುದಿಲ್ಲ ಎಂದು ತರಬೇತುದಾರರು ಹೇಳುತ್ತಾರೆ. ಬುಟ್ಟಿಯ ಕೆಳಗೆ ನಿಂತು ಮೈ ಕೊಡುವ ಕೆಲಸವನ್ನು ಮಾಡಬಹುದು, ಮಾಡಿದರು. ಹೊರದೇಶದ ಕ್ಲಬ್ಬು ದುಡ್ಡು ಕೊಟ್ಟು ತರಿಸಿಕೊಳ್ಳುವವನಿಂದ ಕೇಳುವುದು ಅದಕ್ಕಿಂತ ಹೆಚ್ಚು.

ಅದಕ್ಕೆ ಕಾರಣ ಕೋಟಾ. ಒಂದು ತಂಡದಲ್ಲಿ ಇಷ್ಟೇ ಆಮದು ಆಟಗಾರರು ಎಂದು ಹೆಚ್ಚಿನ ಲೀಗುಗಳು ಕಟ್ಟು ಹಾಕಿರುತ್ತವೆ. ಸ್ಥಳೀಯ ಹುಡುಗರ ಜಾಗ ಹೋಗಬಾರದಲ್ಲ. ಇರುವ ಒಂದೆರಡು ಜಾಗಕ್ಕೆ ಕ್ಲಬ್ಬುಗಳು ತರಿಸುವುದು ಹೆಚ್ಚಾಗಿ ಅಮೆರಿಕದವರನ್ನು. ಅವರಲ್ಲಿ ಎನ್‌ಬಿಎ ಬಾಗಿಲು ತಟ್ಟಿ ಬಂದವರು ನೂರಾರು ಮಂದಿ. ಫಿಲಿಪ್ಪೀನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಆ ದೇಶದ ಪಿಬಿಎ ಲೀಗಿನಲ್ಲಿ ಆಮದು ಆಟಗಾರನ ಎತ್ತರಕ್ಕೇ ಮಿತಿ ಇಡುತ್ತ ಬಂದಿದ್ದಾರೆ, 2024ರ ಒಂದು ಟೂರ್ನಿಯಲ್ಲಿ ಅದು ಆರಡಿ ಆರಿಂಚು. ವಿಮಾನದಿಂದ ಇಳಿದವನನ್ನು ಗೋಡೆಗೆ ಒರಗಿಸಿ ಅಳೆಯುತ್ತಾರೆ. ಅರ್ಧ ಇಂಚು ಹೆಚ್ಚಾದರೆ ವಾಪಸು. ಬದುಕಿಡೀ ಎತ್ತರವನ್ನೇ ಬಂಡವಾಳ ಮಾಡಿಕೊಂಡವನು ಆ ಗೋಡೆಯ ಮುಂದೆ ಸ್ವಲ್ಪ ಕುಗ್ಗಿ ನಿಲ್ಲಲು ನೋಡುತ್ತಾನೆ.

ಜಪಾನಿನ ಉದಾಹರಣೆ ಭಾರತಕ್ಕೆ ನೇರವಾಗಿ ತಾಗುತ್ತದೆ. ಅಲ್ಲಿ ಎರಡು ಲೀಗುಗಳು ಪರಸ್ಪರ ಮುಖ ನೋಡದೆ ನಡೆಯುತ್ತಿದ್ದವು. 2014ರ ನವೆಂಬರಿನಲ್ಲಿ ಫಿಬಾ ಜಪಾನನ್ನು ಅಮಾನತು ಮಾಡಿತು. ಪೆಟ್ಟು ತಿಂದ ಜಪಾನ್ ಎರಡನ್ನೂ ಕೂಡಿಸಿ 2016ರಲ್ಲಿ ಬಿ.ಲೀಗ್ ಶುರು ಮಾಡಿತು. 2020ರಲ್ಲಿ ಏಷ್ಯಾದ ಆಟಗಾರರಿಗೆಂದು ಬೇರೆಯೇ ಕೋಟಾ ತಂದಿತು. ಅವರು ಆಮದು ಲೆಕ್ಕಕ್ಕೆ ಬರುವುದಿಲ್ಲ. ಕೂಡಲೇ ಫಿಲಿಪ್ಪೀನ್ಸ್‌ನ ಥರ್ಡಿ ರವೇನಾ ಹೋದರು, ಅವರ ಹಿಂದೆ ಸಾಲುಸಾಲು ಹೋದರು. ಆಗ ಆ ಕೋಟಾದ ಪಟ್ಟಿಯಲ್ಲಿ ಇದ್ದದ್ದು ಚೀನಾ, ತೈವಾನ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ. ಭಾರತ ಇರಲಿಲ್ಲ. ಅಮೃತ್‌ಪಾಲ್, ಅಮ್‌ಜ್ಯೋತ್ ಹೋಗಿ ಆಡಿದ್ದ ಜಪಾನೇ ಅದು.

ಭಾರತ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದನ್ನೂ ಹೇಳಬೇಕು. ಜಪಾನ್ ಅಮಾನತಿನಿಂದ ಪಾಠ ಕಲಿಯುತ್ತಿದ್ದ 2015ರಲ್ಲೇ ನಮ್ಮ ಒಕ್ಕೂಟ ಎರಡು ಹೋಳಾಯಿತು. ಬೆಂಗಳೂರಿನಲ್ಲಿ ಸೇರಿದ ಬಣ ಕೆ. ಗೋವಿಂದರಾಜ್ ಅವರನ್ನೂ ಪುಣೆಯಲ್ಲಿ ಸೇರಿದ ಬಣ ಪೂನಂ ಮಹಾಜನ್ ಅವರನ್ನೂ ಅಧ್ಯಕ್ಷರೆಂದು ಆರಿಸಿತು. ಫಿಬಾ ಮಾನ್ಯ ಮಾಡಿದ್ದು ಗೋವಿಂದರಾಜ್ ಬಣವನ್ನು. 2023ರವರೆಗೂ ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಚುಕ್ಕಾಣಿ ಕನ್ನಡಿಗರೊಬ್ಬರ ಕೈಯಲ್ಲಿತ್ತು. ಇದರಿಂದ ಬೆಂಗಳೂರಿಗೆ ದೊಡ್ಡ ಟೂರ್ನಿಗಳು ಬಂದದ್ದು ನಿಜ. ಹಳ್ಳಿಗೆ ಸಿಮೆಂಟಿನ ಅಂಕಣ ಬಂತೇ ಎಂಬುದಕ್ಕೆ ಉತ್ತರ ಈ ಸಭೆಯಲ್ಲಿ ಕೂತವರೇ ಹೇಳಬಲ್ಲರು.

ಹೆಣ್ಣುಮಕ್ಕಳಲ್ಲಿ ಮೊದಲು ದಾರಿ ತುಳಿದವರು ಕೇರಳದ ಕೊಟ್ಟಾಯಂ ಕಡೆಯ ಗೀತು ಅನ್ನಾ ಜೋಸ್. ಆರಡಿ ಎರಡಿಂಚು, ಮೊದಲು ವಾಲಿಬಾಲ್, ಆಮೇಲೆ ಬ್ಯಾಸ್ಕೆಟ್‌ಬಾಲ್, ದಕ್ಷಿಣ ರೈಲ್ವೆಯ ಆಟಗಾರ್ತಿ. 2006ರಿಂದ 2008ರವರೆಗೆ ಮೆಲ್ಬರ್ನ್‌ನ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಮೂರು ತಂಡಗಳು ಕರೆದು ಪರೀಕ್ಷೆ ಮಾಡಿದವು; ಯಾವುದೂ ಕರಾರಿಗೆ ಬರಲಿಲ್ಲ. ಸತ್ನಾಮ್‌ಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಇವರಿಗೆ ಸಿಗಲಿಲ್ಲ. ಆಟದ ಲೆಕ್ಕದಲ್ಲಿ ನೋಡಿದರೆ, ಆ ಕಾಲದ ಭಾರತ ಕಂಡ ಅತ್ಯುತ್ತಮ ಆಟಗಾರ್ತಿ ಇವರೇ ಎಂದು ವಾದಿಸಲು ಯಾರೂ ಹಿಂಜರಿಯಬೇಕಿಲ್ಲ.

ವಾಲಿಬಾಲ್ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರದೇಶದ ಕ್ಲಬ್ಬಿಗೆ ಹೋಗಿ ಅಲ್ಲಿಯವರ ಮನಸ್ಸಿನಲ್ಲಿ ಜಾಗ ಪಡೆದ ನಮ್ಮ ಕಡೆಯ ಆಟಗಾರ ಬ್ಯಾಸ್ಕೆಟ್‌ಬಾಲಿನವರಲ್ಲ. ಅವರು ಜಿಮ್ಮಿ ಜಾರ್ಜ್. ಕಣ್ಣೂರು ಜಿಲ್ಲೆಯ ಪೇರಾವೂರು, ಕೊಡಗಿನ ಘಟ್ಟ ಇಳಿದರೆ ಸಿಗುವ ಊರು. ಎಂಟು ಮಂದಿ ಅಣ್ಣತಮ್ಮಂದಿರು, ಎಂಟೂ ಮಂದಿ ವಾಲಿಬಾಲ್. ಮನೆಯಲ್ಲೇ ಒಂದು ತಂಡ ಕಟ್ಟಿ ಇಬ್ಬರು ಮಿಗುತ್ತಿದ್ದರು. ತಮ್ಮ ಬಾಬಿ ಜಾರ್ಜ್ ಮುಂದೆ ಉದ್ದಜಿಗಿತಗಾರ್ತಿ ಅಂಜು ಬಾಬಿ ಜಾರ್ಜ್ ಅವರ ಪತಿ ಮತ್ತು ತರಬೇತುದಾರರಾಗಿ ಬೆಂಗಳೂರಿನಲ್ಲಿ ನೆಲೆಸಿದರು. ಜಿಮ್ಮಿಗೆ ಕೇರಳ ಪೊಲೀಸ್‌ನಲ್ಲಿ ಕೆಲಸವಿತ್ತು, 1976ರಲ್ಲೇ ಅರ್ಜುನ ಪ್ರಶಸ್ತಿ ಬಂದಿತ್ತು. ಅಷ್ಟರಲ್ಲಿ ತೃಪ್ತಿಪಟ್ಟುಕೊಳ್ಳಬಹುದಿತ್ತು. ಅವರು 1979ರಲ್ಲಿ ಅಬುಧಾಬಿಗೆ, 1982ರಲ್ಲಿ ಇಟಲಿಗೆ ಹೋದರು. ಜಗತ್ತಿನ ಗಟ್ಟಿ ಆಟಗಾರರೆಲ್ಲ ಸೇರುತ್ತಿದ್ದ ಲೀಗು ಅದು. 1987ರ ನವೆಂಬರ್ 30ರಂದು ಇಟಲಿಯಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಅವರ ಹೆಸರಿರುವುದು ಆಶ್ಚರ್ಯವಲ್ಲ. ಇಟಲಿಯ ಬ್ರೆಷಾ ಪ್ರಾಂತದ ಮೊಂತಿಕಿಯಾರಿ ಪಟ್ಟಣದವರೂ ತಮ್ಮ ಕ್ರೀಡಾಭವನಕ್ಕೆ ‘ಪಾಲಾಜಾರ್ಜ್’ ಎಂದು ಹೆಸರಿಟ್ಟರು. ಆಮದು ಆಟಗಾರನಿಗೆ ಆ ಊರು ಕೊಟ್ಟ ಖಾಯಂ ವಿಳಾಸ ಅದು.

ಅಂಥದ್ದೇ ಇನ್ನೊಂದು ಉದಾಹರಣೆ ಬೀಜಿಂಗಿನಲ್ಲಿದೆ. ಎನ್‌ಬಿಎಯಲ್ಲಿ ಹೆಸರು ಮಾಡಿ, ಜಗಳವಾಡಿ, ಬೇಡವಾದ ಸ್ಟೀಫನ್ ಮಾರ್ಬರಿ 2010ರಲ್ಲಿ ಚೀನಾಕ್ಕೆ ಹೋದರು. ಬೀಜಿಂಗ್ ಡಕ್ಸ್ ತಂಡಕ್ಕೆ 2012, 2014, 2015ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ನಿಂತಿತು. ಊರಿನವರ ಜೊತೆ ಮೆಟ್ರೊದಲ್ಲಿ ಓಡಾಡುತ್ತಿದ್ದದ್ದೂ ಅವರನ್ನು ಅಲ್ಲಿನವರು ಒಪ್ಪಿಕೊಳ್ಳಲು ಕಾರಣ ಎಂದು ಹೇಳುವವರಿದ್ದಾರೆ.

ಕನ್ನಡಿಗರಲ್ಲಿ ಹೊರದೇಶದ ಕ್ಲಬ್ಬಿಗೆ ಹಂಗಾಮು ಲೆಕ್ಕದಲ್ಲಿ ಆಡಿದವರು ಎಂದರೆ ಕ್ರಿಕೆಟಿಗರೇ ನೆನಪಾಗುತ್ತಾರೆ. ಅನಿಲ್ ಕುಂಬ್ಳೆ 1995ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್ ಕಿತ್ತರು. ಅದೇ ಬೇಸಿಗೆಯಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ನಲ್ಲಿ. ಅವರ ಹೆಸರಿನ ಜಾವಗಲ್ ತಿಪಟೂರಿಗೆ ದೂರದ ಊರೇನಲ್ಲ. ರಾಹುಲ್ ದ್ರಾವಿಡ್ 2000ದಲ್ಲಿ ಕೆಂಟ್ ಪರ, 2003ರಲ್ಲಿ ಸ್ಕಾಟ್ಲೆಂಡ್ ಪರ ಆಡಿದರು. ಸ್ಕಾಟ್ಲೆಂಡಿನ ಆ ಹಂಗಾಮಿನಲ್ಲಿ ಮೂರು ಶತಕ. ಅಲ್ಲೂ ಬಾಡಿಗೆ ಮನೆ, ಮಳೆಯಿಂದ ನಿಂತ ಪಂದ್ಯ, ತಾವೇ ಮಾಡಿಕೊಳ್ಳುವ ಅನ್ನ. ಆದರೆ ಅವರಿಗೆ ಮರಳಿ ಬರಲು ಭಾರತ ತಂಡವೆಂಬ ಚಿನ್ನದ ಗೂಡಿತ್ತು. ಬ್ಯಾಸ್ಕೆಟ್‌ಬಾಲ್ ಆಟಗಾರ ಮರಳಿ ಬಂದರೆ ಇರುವುದು ಹಾಜರಿ ಪುಸ್ತಕ.

ಇಲ್ಲಿಯೇ ವೃತ್ತಿಪರ ಲೀಗು ಇದ್ದಿದ್ದರೆ? ಕಟ್ಟಿ ನೋಡಿದ್ದಾರೆ. 2015ರಲ್ಲಿ ಯುಬಿಎ ಲೀಗ್ ಶುರುವಾಯಿತು, ‘ಬೆಂಗಳೂರು ಬೀಸ್ಟ್’ ಎಂಬ ತಂಡವೂ ಇತ್ತು. 2017ರ ಹೊತ್ತಿಗೆ ನಿಂತುಹೋಯಿತು. ಆಮೇಲೆ 2022ರಲ್ಲಿ ಒಕ್ಕೂಟದ ಬೆಂಬಲದಿಂದ ಐಎನ್‌ಬಿಎಲ್ ಬಂತು, ಅದರಲ್ಲಿ ‘ಬೆಂಗಳೂರು ಕಿಂಗ್ಸ್’. ಲೀಗು ಒಂದು ವರ್ಷ ನಡೆದು ಮರುವರ್ಷ ಅನುಮಾನವಾದರೆ ನೌಕರಿಗೆ ರಾಜೀನಾಮೆ ಕೊಟ್ಟು ಬರುವ ಹುಚ್ಚನಾರು? ತೆಂಗಿನ ಸಸಿ ನೆಟ್ಟು ಮೂರನೆಯ ವರ್ಷಕ್ಕೆ ಕಾಯಿ ಬಿಡಲಿಲ್ಲವೆಂದು ಕಿತ್ತು ಹಾಕಿದ ಹಾಗಾಗುತ್ತದೆ ಈ ಲೀಗುಗಳ ಪಾಡು.

ಹಾಗೆಂದು ಕರ್ನಾಟಕದಲ್ಲಿ ಆಟ ಸೊರಗಿದೆ ಎಂದರೆ ಸುಳ್ಳಾಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳ ಆಟ. ಮೈಸೂರು ಮತ್ತು ಬೆಂಗಳೂರಿನ ವಿದ್ಯಾನಗರದ ಸರ್ಕಾರಿ ಕ್ರೀಡಾನಿಲಯಗಳು ಜಿಲ್ಲೆಗಳ ಎತ್ತರದ ಹುಡುಗಿಯರನ್ನು ಆರಿಸಿ, ಊಟ ಹಾಕಿ, ಶಾಲೆಗೆ ಕಳಿಸಿ, ಆಡಿಸುತ್ತ ಬಂದಿವೆ. ರಾಜ್ಯದ ಟೂರ್ನಿಗಳಲ್ಲಿ ಈ ನಿಲಯಗಳ ತಂಡಗಳು ಬೆಂಗಳೂರಿನ ಹಳೆಯ ಕ್ಲಬ್ಬುಗಳಿಗೆ ಸರಿಸಾಟಿ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್‌ನ ‘ಬಿ’ ವಿಭಾಗದ ಪಂದ್ಯಗಳು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದವು. 29ರಂದು ಫೈನಲ್. ಎದುರು ಕಜಕಸ್ತಾನ. ಕೊನೆಯ ಸೆಕೆಂಡುಗಳವರೆಗೂ ಯಾರದೆಂದು ಹೇಳಲಾಗದ ಪಂದ್ಯದಲ್ಲಿ ಭಾರತ 75-73ರಿಂದ ಗೆದ್ದು ‘ಎ’ ವಿಭಾಗಕ್ಕೆ ಏರಿತು. ಅದೇ ವರ್ಷ ಹದಿನಾರರೊಳಗಿನ ಹುಡುಗಿಯರ ಏಷ್ಯಾ ಟೂರ್ನಿಯ ‘ಬಿ’ ವಿಭಾಗವೂ ಬೆಂಗಳೂರಿನಲ್ಲೇ ನಡೆಯಿತು, ಅದನ್ನೂ ಭಾರತವೇ ಗೆದ್ದಿತು.

ಆ ಪೀಳಿಗೆಯ ಬೆಂಗಳೂರಿನ ಹುಡುಗಿ ಸಂಜನಾ ರಮೇಶ್. ಎನ್‌ಬಿಎ ಅಕಾಡೆಮಿಯ ಮಹಿಳಾ ಶಿಬಿರಗಳಲ್ಲಿ ಪಳಗಿ, ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ಹೋದರು. ಅಲ್ಲಿನ ಕಾಲೇಜು ಆಟದ ಮೊದಲನೆಯ ದರ್ಜೆಯಲ್ಲಿ ಆಡಿದ ಬೆರಳೆಣಿಕೆಯ ಭಾರತೀಯ ಹುಡುಗಿಯರಲ್ಲಿ ಅವರೂ ಒಬ್ಬರು. ವಿಶ್ವವಿದ್ಯಾಲಯ ಇರುವುದು ಫ್ಲಾಗ್‌ಸ್ಟಾಫ್ ಎಂಬ ಊರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ಏಳು ಸಾವಿರ ಅಡಿ ಮೇಲೆ. ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ. ಹೊಸಬರಿಗೆ ಎರಡು ಸಲ ಅಂಕಣ ಸುತ್ತುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಇಲ್ಲಿ ಒಂದು ವಿಚಿತ್ರ ಉಂಟು. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ದುಡಿಯಬಹುದು. ಪಕ್ಕದ ಕುರ್ಚಿಯಲ್ಲಿ ಬಟ್ಟೆ ಬದಲಿಸುವ ಅಮೆರಿಕದ ಗೆಳತಿ ಹಾಗೆ ಸಂಪಾದಿಸುತ್ತಾಳೆ. ವಿದ್ಯಾರ್ಥಿ ವೀಸಾದ ಮೇಲೆ ಬಂದವಳಿಗೆ ಅಲ್ಲಿ ಹಾಗೆ ದುಡಿಯುವ ಹಕ್ಕಿಲ್ಲ, ಆದ್ದರಿಂದ ಆ ಬಾಗಿಲು ಮುಚ್ಚಿದೆ. ಒಂದೇ ಅಂಗಿ, ಒಂದೇ ಬಸ್ಸು, ಒಂದೇ ಬೆವರು. ಆಮದಿನ ಸುಂಕ ಬೇರೆ.

ಸಂಜನಾ ಆಡಿದ ತಂಡಕ್ಕೆ ‘ಲಂಬರ್‌ಜ್ಯಾಕ್ಸ್’ ಎಂದು ಹೆಸರು. ಸುತ್ತಲೂ ಪೈನ್ ಕಾಡು, ಊರು ಬೆಳೆದದ್ದು ದಿಮ್ಮಿ ವ್ಯಾಪಾರದಿಂದ, ಹಾಗಾಗಿ ಹಾಗೆ ಕರೆದುಕೊಂಡಿದ್ದಾರೆ. ಕಲ್ಪತರು ನಾಡಿನ ಸಭೆಯಲ್ಲಿ ಅದರ ಅರ್ಥವನ್ನು ಮೊದಲೇ ಹೇಳಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರೇನೋ: ಮರ ಕಡಿಯುವವರು.